ಸವೆಯಲೆಂದೇ ಮಾಡಿದ ಭಾಗಗಳು

ಲಾರಿಗೆ ಇರುವಂಥ ಚಾಸಿ ಟ್ರ್ಯಾಕ್ಟರಿಗೆ ಇಲ್ಲ. ಮುಂದೆ ಎಂಜಿನ್ನಿನ ಬೀಡಿನ ಬ್ಲಾಕು, ಅದರ ಹಿಂದೆ ಕ್ಲಚ್ಚು ಮತ್ತು ಗೇರ್‌ಬಾಕ್ಸಿನ ಗೂಡು, ಕೊನೆಯಲ್ಲಿ ಹಿಂದಿನ ಅಚ್ಚಿನ ಗೂಡು, ಈ ಮೂರನ್ನೂ ಒಂದಕ್ಕೊಂದು ಬೋಲ್ಟಿನಿಂದ ಬಿಗಿದಾಗ ಉಂಟಾಗುವ ಗಡಸು ಕಾಯವೇ ಯಂತ್ರದ ಬೆನ್ನೆಲುಬಾಗುತ್ತದೆ. 1917ರಲ್ಲಿ ಹೊರಬಂದ ಫೋರ್ಡ್‌ಸನ್ ಟ್ರ್ಯಾಕ್ಟರು ಜನಪ್ರಿಯಗೊಳಿಸಿದ ಈ ವಿನ್ಯಾಸವನ್ನೇ ಇಂದಿನ ತನಕ ಬಹುಪಾಲು ಟ್ರ್ಯಾಕ್ಟರುಗಳು ಅನುಸರಿಸುತ್ತ ಬಂದಿವೆ. ಹಳೆಯ ಟ್ರ್ಯಾಕ್ಟರೊಂದನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸದ ತಳಹದಿ ಇರುವುದು ಇಲ್ಲಿಯೇ. ಈ ಬೀಡಿನ ಗೂಡುಗಳನ್ನು ಅವು ಎಂದೂ ಸವೆಯಬಾರದೆಂದು ಮಾಡಲಾಗಿದೆ. ಅವುಗಳ ಒಳಗೆ ಕೂತಿರುವ ಲೈನರು, ರಿಂಗು, ಬೇರಿಂಗು, ಬುಷ್ಷು, ಸೀಲುಗಳನ್ನಾದರೋ ಸವೆಯಲೆಂದೇ, ಸವೆದ ಮೇಲೆ ತೆಗೆದು ಬೇರೆಯದನ್ನು ಹಾಕಲೆಂದೇ ಮಾಡಲಾಗಿದೆ. ಯಾವ ಮೈ ಸವೆಯಲು ಹುಟ್ಟಿದ್ದು, ಯಾವುದು ಹಾಗಲ್ಲ ಎಂಬ ವಿವೇಚನೆಯೇ ಈ ಅಧ್ಯಾಯದ ವಸ್ತು.

ಯಾವ ಭಾಗ ಎಷ್ಟು ಸವೆದಿದೆ ಎಂಬುದು ಯಂತ್ರ ದುಡಿದ ನೆಲವನ್ನೂ ಅವಲಂಬಿಸಿದೆ. ನಾಸಿಕದ ಬಳಿಯ ಗಂಗಾಪುರ ಅಣೆಕಟ್ಟಿನಿಂದ ಇಳಿದು ಬರುವ ಗೋದಾವರಿಯು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಅದೇ ಹೆಸರಿನ ಮತ್ತೊಂದು ಊರಿನ, ಅಂದರೆ ಗಂಗಾಪುರ ತಾಲೂಕಿನ, ದಕ್ಷಿಣದ ಅಂಚನ್ನು ಸವರಿಕೊಂಡು ಪೈಠಣದತ್ತ ಹೋಗುತ್ತದೆ. ಎರಡೂ ಗಂಗಾಪುರಗಳ ನೆಲ ದಖನ್ ಪ್ರಸ್ಥಭೂಮಿಯ ಲಾವಾ ಶಿಲೆಯಿಂದ, ಎಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಬಸಾಲ್ಟಿನಿಂದ, ಹುಟ್ಟಿದ್ದು. ವಿಜಯಪುರ, ಕಲಬುರಗಿ ಜಿಲ್ಲೆಗಳ ಎರೆನೆಲವೂ ಇದೇ ಶಿಲೆಯ ಮಗಳು. ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಗುಂಪಿನ ಜೇಡಿಖನಿಜಗಳು ಹೆಚ್ಚಾಗಿರುವುದರಿಂದ ಅದು ಮಳೆಯಲ್ಲಿ ನೀರು ಹೀರಿ ಉಬ್ಬಿ ಅಂಟಾಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕುಬಿಟ್ಟು ಕಲ್ಲಿನಂತೆ ಬಿಗಿಯುತ್ತದೆ. ಒಂದೇ ಹೊಲದಲ್ಲಿ ಹತ್ತು ಮಾರು ದೂರದೊಳಗೆ ನೇಗಿಲಿನ ಎಳೆತ ಇಮ್ಮಡಿಯಾಗಬಲ್ಲ ಇಂಥ ನೆಲದಲ್ಲಿ ದುಡಿದ ಯಂತ್ರದ ಮೇಲೆ ಆ ನೆಲದ ಗುರುತು ಉಳಿಯುತ್ತದೆ: ಕ್ಲಚ್ಚು ಬೇಗ ಸವೆದಿರುತ್ತದೆ, ಹಿಂದಿನ ಅಚ್ಚಿನ ಸೀಲುಗಳ ಸುತ್ತ ಎಣ್ಣೆ ಮತ್ತು ಮಣ್ಣು ಕಲೆತು ಕಪ್ಪು ಹೆಪ್ಪುಗಟ್ಟಿರುತ್ತದೆ.

ಈ ನೆಲಕ್ಕೆ ಕಾರ್ಖಾನೆಯ ಕಬ್ಬಿಣದ ನೇಗಿಲು ಟ್ರ್ಯಾಕ್ಟರಿಗಿಂತ ಮೊದಲೇ ಬಂತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮಣ್ಣು ಮಗುಚುವ ಕಬ್ಬಿಣದ ನೇಗಿಲುಗಳನ್ನು ತಯಾರಿಸತೊಡಗಿ, 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಹೋಗಿ ನೆಲೆಸಿದರು. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸಿದ ಲೇತುಗಳು ಮುಂದೆ ನಾಡಿನುದ್ದಕ್ಕೂ ಗ್ಯಾರೇಜುಗಳನ್ನು ಸೇರಿದವು. ಟ್ರ್ಯಾಕ್ಟರು ದೊಡ್ಡ ಪ್ರಮಾಣದಲ್ಲಿ ಬಂದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಅದೂ ರೈತರ ಕೈಗಲ್ಲ, ಸರ್ಕಾರದ ಕೈಗೆ. ಮಧ್ಯಭಾರತದ ಕಪ್ಪುನೆಲವನ್ನು ಆಳವಾದ ಬೇರಿನಿಂದ ಆಕ್ರಮಿಸಿದ್ದ ಕಾನ್ಸ್ ಹುಲ್ಲನ್ನು ಕೀಳಲು ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯು ಮೊದಲು ಯುದ್ಧದಲ್ಲಿ ಮಿಕ್ಕಿದ ಯಂತ್ರಗಳನ್ನು ಬಳಸಿತು. 1949ರಲ್ಲಿ ವಿಶ್ವಬ್ಯಾಂಕು ಇದೇ ಕೆಲಸದ ಯಂತ್ರಗಳಿಗಾಗಿ ಭಾರತಕ್ಕೆ 1 ಕೋಟಿ ಡಾಲರ್ ಸಾಲ ಕೊಟ್ಟಿತು. ಭಾರತದಲ್ಲೇ ಜೋಡಣೆಗೊಂಡ ಟ್ರ್ಯಾಕ್ಟರು 1959ರಲ್ಲಿ ಐಷರ್ ಕಂಪನಿಯ ಫರೀದಾಬಾದ್ ಕಾರ್ಖಾನೆಯಿಂದ ಹೊರಬಂತು. ಮರುವರ್ಷ ಮದರಾಸಿನಲ್ಲಿ ಮ್ಯಾಸಿ ಫರ್ಗುಸನ್ ಸಹಯೋಗದ ಟಾಫೆ, 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಹಯೋಗದಲ್ಲಿ ಮಹೀಂದ್ರದ ಟ್ರ್ಯಾಕ್ಟರ್ ಕಂಪನಿ, 1971ರಲ್ಲಿ ಚೆಕೊಸ್ಲೊವಾಕಿಯದ ಜೆಟರ್ ವಿನ್ಯಾಸವನ್ನು ಪಡೆದ ಎಚ್‌ಎಂಟಿ, 1974ರಲ್ಲಿ ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ಸ್ವದೇಶಿ ವಿನ್ಯಾಸದ ಸ್ವರಾಜ್, ಹೀಗೆ ಒಂದೂವರೆ ದಶಕದಲ್ಲಿ ಬಂದ ಯಂತ್ರಗಳೇ ಇಂದು ಹಳೆಯವೆಂದು ಕರೆಸಿಕೊಳ್ಳುವ ತಲೆಮಾರು. ಇವುಗಳನ್ನು ಮತ್ತೆ ಕಟ್ಟಲು ಬೇಕಾದ ಕೈಚಳಕ ಗಂಗಾಪುರ ತಾಲೂಕಿನ ಸುತ್ತ ಅಪರೂಪವಲ್ಲ. ಬಜಾಜ್ ಆಟೋ ಕಾರ್ಖಾನೆ 1985ರಲ್ಲಿ ಆರಂಭವಾದ ವಾಳೂಜ್ ಕೈಗಾರಿಕಾ ಪ್ರದೇಶ ಇರುವುದು ಇದೇ ತಾಲೂಕಿನಲ್ಲಿ, ಅಂಥ ಪ್ರದೇಶದಲ್ಲಿ ನೂರನೇ ಒಂದು ಮಿಲಿಮೀಟರನ್ನು ಅಳೆಯುವುದು ದಿನನಿತ್ಯದ ಕೆಲಸ.

ವರ್ಷಗಟ್ಟಲೆ ಮಳೆಗೆ ನೆನೆದು ನಿಂತ ಟ್ರ್ಯಾಕ್ಟರಿನ ಮೊದಲ ತೊಡಕು ಜಾಮ್ ಆದ ಎಂಜಿನ್ನು. ಸೈಲೆನ್ಸರಿನ ಬಾಯಿಯಿಂದ ಇಳಿದ ನೀರು ತೆರೆದಿದ್ದ ಕವಾಟದ ಮೂಲಕ ಸಿಲಿಂಡರಿಗೆ ಹೋಗಿ ಪಿಸ್ಟನ್ನಿನ ಮೇಲೆ ನಿಲ್ಲುತ್ತದೆ. ಕಬ್ಬಿಣ ತುಕ್ಕಾಗಿ ಮಾರ್ಪಡುವಾಗ ಅದರ ಗಾತ್ರ ಎರಡರಿಂದ ಆರು ಪಟ್ಟಿನವರೆಗೆ ಹಿಗ್ಗುವುದರಿಂದ ಪಿಸ್ಟನ್ನಿನ ರಿಂಗು ಮತ್ತು ಸಿಲಿಂಡರಿನ ಒಳಗೋಡೆಯಾದ ಲೈನರಿನ ನಡುವಿನ ಕೂದಲೆಳೆಯಷ್ಟೂ ಇಲ್ಲದ ಸಂದು ತುಂಬಿಹೋಗಿ ಎರಡೂ ಒಂದಾಗಿ ಬೆಸೆದುಕೊಳ್ಳುತ್ತವೆ. ಇಂಥ ಎಂಜಿನ್ನನ್ನು ಮತ್ತೊಂದು ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆಯುವ ರೂಢಿ ಹಳ್ಳಿಗಳಲ್ಲಿ ಇದೆ. ಅದು ಒಳ್ಳೆಯ ಯಂತ್ರಗಳನ್ನು ಕೊಂದ ರೂಢಿ. ಎಳೆದಾಗ ಬೀಳುವ ಬಲವೆಲ್ಲ ಕನೆಕ್ಟಿಂಗ್ ರಾಡಿನ ಮೇಲೆ ಬಂದು ಅದು ಬಾಗುತ್ತದೆ, ಇಲ್ಲವೇ ಪಿಸ್ಟನ್ನು ಬಿಟ್ಟು ಬರುವಾಗ ರಿಂಗು ಮುರಿದು ಲೈನರನ್ನು ಗೀರುತ್ತದೆ. ಹೆಡ್ಡನ್ನು ಬಿಚ್ಚಿ, ನೀರು ಒರೆಸಿ, ತೆಳ್ಳನೆಯ ಎಣ್ಣೆಯನ್ನು ಸುರಿದು ದಿನಗಟ್ಟಲೆ ಬಿಡುವುದೇ ಸರಿಯಾದ ದಾರಿ. ಕಿರಿದಾದ ಸಂದಿನೊಳಗೆ ದ್ರವವು ತನ್ನಷ್ಟಕ್ಕೆ ನುಸುಳುವ ಲೋಮನಾಳ ಕ್ರಿಯೆ ಇಲ್ಲಿ ಕೆಲಸ ಮಾಡುತ್ತದೆ, ಸಂದು ಕಿರಿದಾದಷ್ಟೂ ಸೆಳೆತ ಹೆಚ್ಚು, ಆದರೆ ವೇಗ ಕಡಿಮೆ. ತಾಳ್ಮೆಯನ್ನು ಭೌತಶಾಸ್ತ್ರವೇ ಬೇಡುವ ಸಂದರ್ಭವಿದು.

ಬಿಚ್ಚಿದ ಸಣ್ಣ ಭಾಗಗಳ ತುಕ್ಕು ತೆಗೆಯಲು ಮರಳಿನಿಂದ ಉಜ್ಜುವುದಕ್ಕಿಂತ ವಿದ್ಯುದ್ವಿಶ್ಲೇಷಣೆ ಹಿತವಾದ ವಿಧಾನ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಭಾಗವನ್ನು ತೂಗಿಬಿಟ್ಟು, ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಅದಕ್ಕೂ, ಧನ ತುದಿಯನ್ನು ಬಲಿಗೊಡಲು ಇಟ್ಟ ಕಬ್ಬಿಣದ ತಗಡಿಗೂ ಜೋಡಿಸಿದರೆ, ಭಾಗದ ಮೈಮೇಲೆ ಏಳುವ ಜಲಜನಕದ ಗುಳ್ಳೆಗಳು ತುಕ್ಕನ್ನು ಸಡಿಲಿಸುತ್ತವೆ, ತುಕ್ಕಿನ ಒಂದು ಪಾಲು ಕಪ್ಪು ಪುಡಿಯಾಗಿ ಬದಲಾಗುತ್ತದೆ, ಗಟ್ಟಿ ಲೋಹ ಮಾತ್ರ ಕರಗುವುದಿಲ್ಲ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆಯನ್ನು ಎಂದಿಗೂ ಜೋಡಿಸಬಾರದು, ಏಕೆಂದರೆ ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಜಲಜನಕ ಬೆಂಕಿ ಹಿಡಿಯುವ ಅನಿಲವಾದ್ದರಿಂದ ಈ ಕೆಲಸ ಬಯಲಿನಲ್ಲೇ ಆಗಬೇಕು.

ಎಂಜಿನ್ನಿನ ನಿಜವಾದ ವಯಸ್ಸು ತಿಳಿಯುವುದು ಬೋರ್ ಗೇಜನ್ನು ಸಿಲಿಂಡರಿಗೆ ಇಳಿಸಿದಾಗ. ಮ್ಯಾಸಿ ಫರ್ಗುಸನ್ 35ರಲ್ಲಿ ಹೆಸರು ಮಾಡಿದ ಪರ್ಕಿನ್ಸ್ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನೇ ತೆಗೆದುಕೊಂಡರೆ, ಅದರ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 91.44 ಮಿ.ಮೀ., ಪಿಸ್ಟನ್ನಿನ ಓಟ 127 ಮಿ.ಮೀ., ಒಟ್ಟು ಗಾತ್ರ ಸುಮಾರು 2.5 ಲೀಟರು. ಸಿಲಿಂಡರು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ನು ಓಟದ ನಡುವೆ ವೇಗವಾಗಿ ಚಲಿಸುವಾಗ ಎಣ್ಣೆಯ ಪೊರೆ ರಿಂಗನ್ನು ಗೋಡೆಯಿಂದ ಎತ್ತಿ ಹಿಡಿದಿರುತ್ತದೆ. ಮೇಲಿನ ತುದಿಯಲ್ಲಿ ಪಿಸ್ಟನ್ನು ಕ್ಷಣಕಾಲ ನಿಂತು ತಿರುಗುವಾಗ ವೇಗ ಸೊನ್ನೆಯಾಗಿ ಪೊರೆ ಹರಿಯುತ್ತದೆ, ಅದೇ ಹೊತ್ತಿಗೆ ದಹನದ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಆದ್ದರಿಂದ ಮೇಲಿನ ರಿಂಗು ತಿರುಗುವ ಎತ್ತರದಲ್ಲಿ ಸವಕಳಿ ಅತಿ ಹೆಚ್ಚು, ಅದರ ಮೇಲೆ ರಿಂಗು ಮುಟ್ಟದ ಜಾಗದಲ್ಲಿ ಉಗುರಿಗೆ ತಾಗುವ ಒಂದು ಏಣು. ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಪಿಸ್ಟನ್ನು ಕ್ರ್ಯಾಂಕಿನ ಉದ್ದಕ್ಕೆ ಅಡ್ಡಲಾದ ದಿಕ್ಕಿನ ಗೋಡೆಯನ್ನೇ ಹೆಚ್ಚು ಉಜ್ಜಿ ದುಂಡಗಿದ್ದ ಬೋರು ಅಂಡಾಕಾರಕ್ಕೆ ತಿರುಗುತ್ತದೆ. ಹೀಗಾಗಿ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳತೆ ತೆಗೆಯಬೇಕು. ಒಂದೇ ಅಳತೆ ನೋಡಿ ‘ಬೋರು ಚೆನ್ನಾಗಿದೆ’ ಎಂದು ಹೇಳುವ ಮೇಸ್ತ್ರಿಯ ಮಾತನ್ನು ನಂಬುವಂತಿಲ್ಲ. ಸವಕಳಿ 0.15ರಿಂದ 0.2 ಮಿ.ಮೀ. ದಾಟಿದ್ದರೆ ಹೊಸ ರಿಂಗು ಮಾತ್ರ ಹಾಕಿಸುವುದು ಹಣ ಹಾಳುಮಾಡಿದಂತೆ, ಏಕೆಂದರೆ ದುಂಡಗಿನ ರಿಂಗು ಅಂಡಾಕಾರದ ಗೋಡೆಯನ್ನು ಎಲ್ಲ ಕಡೆಯೂ ಮುಟ್ಟಲಾರದು.

ಲೈನರು ಎಂಬ ಬದಲಿಸಬಹುದಾದ ಕೊಳವೆಯ ಅರ್ಥ ತಿಳಿಯುವುದು ಇಲ್ಲಿ. ಜೆಟರಿನಂಥ ಎಂಜಿನ್ನುಗಳಲ್ಲಿ ಲೈನರಿನ ಹೊರಮೈಯನ್ನು ನೇರವಾಗಿ ತಂಪುನೀರು ಮುಟ್ಟುತ್ತದೆ, ಇದನ್ನು ವೆಟ್ ಲೈನರು ಎನ್ನುತ್ತಾರೆ. ಕೆಳಗಿನ ರಬ್ಬರ್ ರಿಂಗುಗಳನ್ನು ಹೊಸದಾಗಿ ಹಾಕಿ ಕೈಬಲದಿಂದಲೇ ಕೂರಿಸಬಹುದು. ಪರ್ಕಿನ್ಸ್ ಮೂರು ಸಿಲಿಂಡರಿನ ಎಂಜಿನ್ನಿನಲ್ಲಿರುವುದು ಡ್ರೈ ಲೈನರು. ಅದು ಬ್ಲಾಕಿನ ಬೀಡಿಗೆ ಉದ್ದಕ್ಕೂ ಅಂಟಿ ಕೂರುವುದರಿಂದ ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಇಳಿಸಿ, ಬಳಿಕ ಬೋರ್ ಮಾಡಿ ಅಳತೆಗೆ ತರಬೇಕು. ಯಾವುದೇ ಆದರೂ ಕೊನೆಯ ಕೆಲಸ ಹೋನಿಂಗು, ಎಂದರೆ ಸಾಣೆಕಲ್ಲುಗಳನ್ನು ತಿರುಗಿಸುತ್ತ ಮೇಲೆ ಕೆಳಗೆ ಆಡಿಸಿ ಗೋಡೆಯ ಮೇಲೆ ಒಂದನ್ನೊಂದು ದಾಟುವ ನವಿರಾದ ಗೀರುಗಳನ್ನು ಮೂಡಿಸುವುದು. ಕನ್ನಡಿಯಂತೆ ನುಣ್ಣಗಿನ ಗೋಡೆಯ ಮೇಲೆ ಎಣ್ಣೆ ನಿಲ್ಲದು. ಈ ಗೀರುಗಳೇ ಅದರ ಉಗ್ರಾಣ. ಕ್ರ್ಯಾಂಕ್‌ಶಾಫ್ಟಿಗೂ ಇದೇ ಬಗೆಯ ಮುಂದಾಲೋಚನೆ ಉಂಟು: ಅದರ ದುಂಡುಗಳನ್ನು ಸಾಣೆ ಹಿಡಿದು 0.25, 0.50, 0.75 ಮಿ.ಮೀ. ಹೀಗೆ ಮೂರು ಮೆಟ್ಟಿಲಿನಲ್ಲಿ ಕಿರಿದುಗೊಳಿಸಬಹುದು, ಆಯಾ ಅಳತೆಗೆ ದಪ್ಪಗಿನ ಬೇರಿಂಗುಗಳು ಸಿಗುತ್ತವೆ. ವಿನ್ಯಾಸಕಾರನೇ ಯಂತ್ರಕ್ಕೆ ಮೂರು ಮರುಜನ್ಮಗಳನ್ನು ಮೊದಲೇ ಲೆಕ್ಕಹಾಕಿ ಇಟ್ಟಿದ್ದಾನೆ ಎಂಬುದು ಮೆಚ್ಚಿ ಗೌರವಿಸಬೇಕಾದ ಸಂಗತಿ.

ಸಂದುಗಳನ್ನು ಏಕೆ ಅಷ್ಟು ಕಟ್ಟುನಿಟ್ಟಾಗಿ ಕಾಯಬೇಕೆಂಬುದಕ್ಕೆ ಉಷ್ಣ ಹಿಗ್ಗುವಿಕೆಯ ಲೆಕ್ಕವೇ ಸಾಕ್ಷಿ. ಅಲ್ಯೂಮಿನಿಯಮ್ಮಿನ ಒಂದು ಮೀಟರ್ ಉದ್ದದ ಸರಳು ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 23 ಮೈಕ್ರಾನ್ ಹಿಗ್ಗಿದರೆ, ಬೀಡಿನದು ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. 91 ಮಿ.ಮೀ. ವ್ಯಾಸದ ಪಿಸ್ಟನ್ನು ಮತ್ತು ಲೈನರು ಎರಡೂ 100 ಡಿಗ್ರಿ ಬಿಸಿಯಾದರೆ ಪಿಸ್ಟನ್ನು ಲೈನರಿಗಿಂತ ಸುಮಾರು 0.11 ಮಿ.ಮೀ. ಹೆಚ್ಚು ಹಿಗ್ಗಿರುತ್ತದೆ. ತಣ್ಣಗಿದ್ದಾಗ ಬಿಗಿಯಾಗಿ ಕೂತಂತೆ ಕಂಡು ಮೇಸ್ತ್ರಿಗೆ ಸಮಾಧಾನ ಕೊಟ್ಟ ಪಿಸ್ಟನ್ನು ಹೊಲದ ಮಧ್ಯದಲ್ಲಿ ಕಚ್ಚಿ ನಿಲ್ಲುವುದು ಈ ಕಾರಣಕ್ಕೆ. ಇದೇ ನಿಯಮ ಉಪಕಾರಿಯೂ ಆಗುತ್ತದೆ: ಫ್ಲೈವೀಲಿನ ಸುತ್ತ ಕೂರುವ 300 ಮಿ.ಮೀ. ವ್ಯಾಸದ ಹಲ್ಲಿನ ಬಳೆಯನ್ನು 200 ಡಿಗ್ರಿಯಷ್ಟು ಬಿಸಿಮಾಡಿದರೆ ಅದು ಅರ್ಧ ಮಿಲಿಮೀಟರಿಗೂ ಹೆಚ್ಚು ಅಗಲವಾಗಿ ಸಲೀಸಾಗಿ ಇಳಿಯುತ್ತದೆ, ತಣಿದಾಗ ಯಾವ ಬೋಲ್ಟಿನ ಹಂಗೂ ಇಲ್ಲದೆ ಹಿಡಿದುಕೊಳ್ಳುತ್ತದೆ.

ಡೀಸೆಲ್ ಪಂಪು ಈ ಯಂತ್ರದ ಅತಿ ಸೂಕ್ಷ್ಮ ಭಾಗ. ಅದರ ಪ್ಲಂಜರು ತನ್ನ ಕೊಳವೆಯೊಳಗೆ ಎರಡರಿಂದ ನಾಲ್ಕು ಮೈಕ್ರಾನ್ ಸಂದಿನಲ್ಲಿ ಆಡುತ್ತದೆ. ಯಾವ ರಬ್ಬರ್ ಸೀಲೂ ಇಲ್ಲದೆ ಆ ಸಂದಿನ ಕಿರಿದುತನವೇ ನೂರಕ್ಕೂ ಹೆಚ್ಚು ವಾಯುಭಾರದ ಒತ್ತಡವನ್ನು ತಡೆಯುತ್ತದೆ. 1951ರಲ್ಲಿ ಬಾಷ್ ಸಹಯೋಗದೊಂದಿಗೆ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆಯು ಇಂಥ ಪಂಪುಗಳನ್ನು ದೇಶದಲ್ಲೇ ತಯಾರಿಸಿದ್ದರಿಂದ ಹಳ್ಳಿಯ ಡೀಸೆಲ್ ಯಂತ್ರಗಳಿಗೆ ಬಿಡಿಭಾಗ ಸಿಗುವಂತಾಯಿತು. ಪಂಪುಗಳಲ್ಲಿ ಎರಡು ಬಗೆ. ಒಂದರಲ್ಲಿ ಸಿಲಿಂಡರಿಗೆ ಒಂದರಂತೆ ಪ್ಲಂಜರುಗಳು ಸಾಲಾಗಿ ನಿಂತಿದ್ದು ಕೆಳಗಿನ ಕ್ಯಾಮಿಗೆ ಪ್ರತ್ಯೇಕವಾಗಿ ಎಂಜಿನ್ ಆಯಿಲ್ ಇರುತ್ತದೆ. ಮತ್ತೊಂದರಲ್ಲಿ, ಎಂದರೆ ಮ್ಯಾಸಿ ಫರ್ಗುಸನ್ 35ರಲ್ಲಿ ಕಾಣುವ ರೋಟರಿ ಪಂಪಿನಲ್ಲಿ, ಒಳಗಿನ ಎಲ್ಲ ಭಾಗಗಳಿಗೂ ಜಾರುವ ಗುಣ ಕೊಡುವುದು ಹರಿದುಹೋಗುವ ಡೀಸೆಲ್ಲೇ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಮಾರುವ ಡೀಸೆಲ್ಲಿನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 10 ಭಾಗ ಮೀರುವಂತಿಲ್ಲ. ಗಂಧಕವನ್ನು ತೆಗೆಯುವ ಜಲಜನಕ ಸಂಸ್ಕರಣೆಯು ಅದರ ಜೊತೆಗೆ ಇಂಧನದ ಸಹಜ ಜಾರುಗುಣ ಕೊಡುತ್ತಿದ್ದ ಸಂಯುಕ್ತಗಳನ್ನೂ ಕಡಿಮೆ ಮಾಡುತ್ತದೆ, ಆದ್ದರಿಂದ ತೈಲ ಕಂಪನಿಗಳು ಜಾರುಗುಣದ ಸೇರ್ಪಡೆಯನ್ನು ಬೆರೆಸಿಯೇ ಮಾರುತ್ತವೆ. ರೋಟರಿ ಪಂಪಿಗೆ ಕಲಬೆರಕೆಯ ಇಂಧನವನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಹಾಕುವುದು ಅದರ ಆಯುಸ್ಸನ್ನು ತಿನ್ನುವ ಕೆಲಸ. ಇಂಧನದ ಸಂಯೋಜನೆ ಬದಲಾದಂತೆ ಹಳೆಯ ನೈಟ್ರೈಲ್ ರಬ್ಬರಿನ ಸೀಲುಗಳು ಕುಗ್ಗಿ ಸೋರತೊಡಗುವುದೂ ಉಂಟು. ಪಂಪನ್ನು ಬಿಚ್ಚಿದಾಗ ಸೀಲುಗಳನ್ನೆಲ್ಲ ಬದಲಿಸಿ, ಪರೀಕ್ಷಾ ಬೆಂಚಿನ ಮೇಲೆ ಪ್ರತಿ ನಾಳದ ಇಂಧನವನ್ನು ಅಳೆದು ಹೊಂದಿಸುವುದು ಗ್ಯಾರೇಜಿನಲ್ಲಿ ಆಗದ, ತಜ್ಞರಿಗೇ ಬಿಡಬೇಕಾದ ಕೆಲಸ. ನಾಜಲಿನ ಪರೀಕ್ಷೆಯಲ್ಲಿ ಹೊಮ್ಮುವ ತುಂತುರಿಗೆ ಕೈ ಒಡ್ಡಬಾರದು; ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ.

ಎಂಜಿನ್ನಿಗಿಂತಲೂ ಸೊಗಸಾದ ವಿಜ್ಞಾನ ಇರುವುದು ಟ್ರ್ಯಾಕ್ಟರಿನ ಹಿಂಭಾಗದಲ್ಲಿ. ಐರ್ಲೆಂಡಿನ ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ರೂಪಿಸಿದ, 1936ರ ಫರ್ಗುಸನ್–ಬ್ರೌನ್ ಟ್ರ್ಯಾಕ್ಟರಿನಲ್ಲಿ ಮಾರುಕಟ್ಟೆಗೆ ಬಂದ ಮೂರು ಬಿಂದುಗಳ ಜೋಡಣೆಯಲ್ಲಿ ನೇಗಿಲನ್ನು ಕೆಳಗಿನ ಎರಡು ತೋಳುಗಳು ಎಳೆಯುತ್ತವೆ, ಮೇಲಿನ ಒಂದು ತೋಳು ಹಿಡಿದಿರುತ್ತದೆ. ಮಣ್ಣು ಗುಳವನ್ನು ಹಿಂದಕ್ಕೆ ತಳ್ಳಿದಾಗ ನೇಗಿಲು ಕೆಳಗಿನ ಕೀಲುಗಳ ಸುತ್ತ ಮುಂದಕ್ಕೆ ಮಗುಚಲು ನೋಡಿ ಮೇಲಿನ ತೋಳನ್ನು ಟ್ರ್ಯಾಕ್ಟರಿನತ್ತ ಒತ್ತುತ್ತದೆ. ಆ ಒತ್ತಡ ಒಂದು ದಪ್ಪ ಸ್ಪ್ರಿಂಗನ್ನು ಅಮುಕುತ್ತದೆ. ಸ್ಪ್ರಿಂಗು ಅಮುಕಿದಷ್ಟು ಹೈಡ್ರಾಲಿಕ್ ಕವಾಟ ಸರಿದು ನೇಗಿಲು ತುಸು ಮೇಲೇಳುತ್ತದೆ. ಮಣ್ಣು ಬಿಗಿಯಾದಲ್ಲಿ ನೇಗಿಲು ತಾನಾಗಿ ಏರುತ್ತದೆ, ಸಡಿಲಾದಲ್ಲಿ ಇಳಿಯುತ್ತದೆ. ಎಲೆಕ್ಟ್ರಾನಿಕ್ಸ್ ಇಲ್ಲದ ಕಾಲದ ಸ್ವಯಂನಿಯಂತ್ರಣವಿದು. ನೇಗಿಲಿನ ಭಾರ ಮತ್ತು ಮಗುಚಿದ ಮಣ್ಣಿನ ಕೆಳಮುಖ ಒತ್ತು ಎರಡೂ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ ಹಗುರವಾದ ಟ್ರ್ಯಾಕ್ಟರೂ ಜಾರದೆ ಎಳೆಯುತ್ತದೆ. ಎರೆನೆಲದ ಹಠಾತ್ ಎಳೆತಕ್ಕೆ ಇದಕ್ಕಿಂತ ಒಪ್ಪುವ ಉತ್ತರವಿಲ್ಲ. ಆದರೂ ಹಳೆಯ ಟ್ರ್ಯಾಕ್ಟರುಗಳಲ್ಲಿ ಮೊದಲು ಕೆಡುವುದೂ, ಕೆಟ್ಟ ಮೇಲೆ ಬರೀ ಎತ್ತಿಳಿಸುವ ಯಂತ್ರವಾಗಿ ಬಳಕೆಯಾಗುವುದೂ ಇದೇ ಭಾಗ. ಫರ್ಗುಸನ್ ಪರಂಪರೆಯ ಯಂತ್ರಗಳಲ್ಲಿ ಇದರ ಹೈಡ್ರಾಲಿಕ್ ಪಂಪು ಹಿಂದಿನ ಗೂಡಿನ ಎಣ್ಣೆಯಲ್ಲೇ ಮುಳುಗಿರುತ್ತದೆ. ಗೇರಿನ ಹಲ್ಲುಗಳಿಂದ ಉದುರಿದ ಲೋಹದ ಹುಡಿಯನ್ನು ಅದೇ ಎಣ್ಣೆ ಕವಾಟಕ್ಕೆ ಹೊತ್ತೊಯ್ಯುತ್ತದೆ. ಎಣ್ಣೆಯನ್ನು ಪೂರ್ತಿ ಇಳಿಸಿ ಗೂಡಿನ ತಳದ ಕೆಸರನ್ನು ಕೆರೆದು ತೆಗೆಯದೆ ಹೊಸ ಕವಾಟ ಹಾಕಿದರೆ ಅದೂ ಬೇಗನೆ ಕೆಡುತ್ತದೆ. ಸ್ಪ್ರಿಂಗನ್ನು ಅದರ ಮೂಲ ಬಿಗಿತಕ್ಕೆ ಹೊಂದಿಸಿ ಆಳದ ಸ್ವಯಂನಿಯಂತ್ರಣ ಮರಳಿ ಬರುವ ತನಕ ಟ್ರ್ಯಾಕ್ಟರು ರಿಪೇರಿಯಾಯಿತು ಎನ್ನುವುದು ಸಲ್ಲದು, ಬಣ್ಣ ಎಷ್ಟೇ ಹೊಳೆಯಲಿ.

ಬಣ್ಣದ ವಿಷಯದಲ್ಲಿ ಎಚ್ಚರಿಕೆಯ ಮಾತೇ ಮುಖ್ಯ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು, ಕ್ಲಚ್ ತಟ್ಟೆ, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರಬಹುದು. ಎರಡನ್ನೂ ಒಣಗಿದ ಸ್ಥಿತಿಯಲ್ಲಿ ಉಜ್ಜಿ ಧೂಳೆಬ್ಬಿಸಬಾರದು, ಒದ್ದೆ ಮಾಡಿಯೇ ತೆಗೆಯಬೇಕು. ಒಡೆದ ಬೀಡಿನ ಗೂಡಿಗೆ ಸಾಮಾನ್ಯ ವೆಲ್ಡಿಂಗ್ ಹಿಡಿಸುವುದೂ ಇಂಥದೇ ಅವಿವೇಕ. ಬೀಡಿನಲ್ಲಿ ಇಂಗಾಲವು ಗ್ರಾಫೈಟ್ ಚಕ್ಕೆಗಳಾಗಿ ಹರಡಿರುವುದರಿಂದ ಬೇಗ ಕಾದು ಬೇಗ ತಣಿದ ಜಾಗ ಗಾಜಿನಂತೆ ಪೆಡಸಾಗಿ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಇಡೀ ಭಾಗವನ್ನು ಮೊದಲೇ ಬಿಸಿಮಾಡಿ, ನಿಕಲ್ ಕಡ್ಡಿಯಿಂದ ತುಸು ತುಸುವೇ ಬೆಸೆದು, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು.

ಇನ್ನು ಮಾರ್ಪಾಟು. ಪವರ್ ಸ್ಟೀಯರಿಂಗ್, ಆಲ್ಟರ್ನೇಟರು, ಒಳ್ಳೆಯ ಆಸನ, ಮುಂಭಾಗದ ಭಾರದ ತುಂಡುಗಳು, ಇವೆಲ್ಲ ಮೂಲದ ರಂಧ್ರಗಳಿಗೇ ಬೋಲ್ಟು ಹಾಕಿ ಕೂರಿಸಬಹುದಾದಂಥವು, ಮತ್ತೆ ಬಿಚ್ಚಿದರೆ ಮೂಲರೂಪ ಮರಳುತ್ತದೆ, ಇವುಗಳಿಗೆ ಆಕ್ಷೇಪವಿರಬೇಕಿಲ್ಲ. ಗೂಡನ್ನು ಕತ್ತರಿಸುವ, ರಂಧ್ರ ಕೊರೆಯುವ ಮಾರ್ಪಾಟು ಸವೆಯಬಾರದ ಭಾಗವನ್ನೇ ಹಾಳುಮಾಡುವುದರಿಂದ ಅದು ಹಿಂತಿರುಗಿ ಬರಲಾಗದ ದಾರಿ. ಪಂಪಿನ ತಿರುಪು ತಿರುಗಿಸಿ ಡೀಸೆಲ್ ಹೆಚ್ಚಿಸಿ ಬಲ ಪಡೆಯುವ ಚಾಳಿಯೂ ಮೋಸದ್ದೇ: ಸಿಲಿಂಡರಿಗೆ ಬರುವ ಗಾಳಿ ಅಷ್ಟೇ ಇರುವಾಗ ಹೆಚ್ಚುವರಿ ಇಂಧನ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ, ಹೊರಬರುವ ಅನಿಲದ ಉಷ್ಣತೆ ಏರಿ ಪಿಸ್ಟನ್ನಿನ ತಲೆ ಸುಡುತ್ತದೆ.

ಪ್ರಾಣಕ್ಕೇ ಎರವಾಗುವ ಮಾರ್ಪಾಟೆಂದರೆ ಎಳೆಯುವ ಕೊಂಡಿಯನ್ನು ಎತ್ತರಕ್ಕೆ ಜೋಡಿಸುವುದು. ಎಳೆತದ ಬಲ ನೆಲದಿಂದ ಎಷ್ಟು ಎತ್ತರದಲ್ಲಿ ಬೀಳುತ್ತದೋ ಅಷ್ಟು ಅದು ಟ್ರ್ಯಾಕ್ಟರಿನ ಮೂತಿಯನ್ನು ಮೇಲೆತ್ತಲು ನೋಡುತ್ತದೆ; ಕೊಂಡಿ ಹಿಂದಿನ ಅಚ್ಚಿಗಿಂತ ಕೆಳಗಿದ್ದರೆ ಮೂತಿ ಏಳುತ್ತಿದ್ದಂತೆ ಕೊಂಡಿ ಇಳಿದು ಆ ತಿರುಚುಬಲ ಕುಗ್ಗುತ್ತದೆ, ಮೇಲಿದ್ದರೆ ಹಾಗಾಗುವುದಿಲ್ಲ. ಹಿಂದಿನ ಗಾಲಿಗಳು ಕೆಸರಿನಲ್ಲಿ ಹೂತು ತಿರುಗದಾದಾಗ ಎಂಜಿನ್ನು ಗಾಲಿಯ ಬದಲು ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ, ಎರಡು ಸೆಕೆಂಡಿನೊಳಗೆ ಯಂತ್ರ ಹಿಂದಕ್ಕೆ ಮಗುಚುತ್ತದೆ, ಚಾಲಕನಿಗೆ ಕ್ಲಚ್ ಒತ್ತುವಷ್ಟೂ ಸಮಯ ಸಿಗುವುದಿಲ್ಲ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯ ಮಾಡಿತು. ನಮ್ಮ ಹಳೆಯ ಯಂತ್ರಗಳಿಗೆ ಏನಾದರೊಂದನ್ನು ಸೇರಿಸಲೇಬೇಕೆಂದಿದ್ದರೆ ಸೀಟ್ ಬೆಲ್ಟಿನ ಸಹಿತ ಇಂಥ ಚೌಕಟ್ಟನ್ನೇ ಸೇರಿಸಬೇಕು. ಉಳಿದಂತೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ನಿಷೇಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. 50 ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುವ 2021ರ ನಿಯಮಗಳು ದ್ವಿಚಕ್ರ ವಾಹನ ಮತ್ತು ಕಾರುಗಳಿಗಷ್ಟೇ ಸೀಮಿತ. ದೇಶದ ಅನ್ನ ಬೆಳೆದ ಟ್ರ್ಯಾಕ್ಟರಿಗೆ ಅಲ್ಲಿ ಜಾಗ ಸಿಗದಿರುವುದು ಸರಿಪಡಿಸಬೇಕಾದ ಕೊರತೆ.

ಎಲ್ಲ ಜೋಡಣೆ ಮುಗಿದ ಮೇಲೆ ಎಂಜಿನ್ನನ್ನು ಗಂಟೆಗಟ್ಟಲೆ ಬರಿದೆ ಓಡಿಸಿ ‘ಪಳಗಿಸುವ’ ರೂಢಿ ಬಹಳ ಕಡೆ ಇದೆ. ಇದು ತಪ್ಪು. ರಿಂಗನ್ನು ಹೊಸ ಗೋಡೆಗೆ ಒತ್ತುವುದು ದಹನದ ಅನಿಲದ ಒತ್ತಡ. ಹೊರೆಯಿಲ್ಲದಿದ್ದರೆ ಒತ್ತಡ ಸಾಲದೆ ರಿಂಗು ಗೋಡೆಗೆ ಒಗ್ಗುವುದಿಲ್ಲ, ಎಣ್ಣೆ ಮೇಲೇರಿ ಅರೆಬೆಂದು ಗೀರುಗಳನ್ನು ಮುಚ್ಚಿ ಗಾಜಿನಂಥ ಲೇಪವಾಗುತ್ತದೆ, ಆಮೇಲೆ ಅಂಥ ಎಂಜಿನ್ನು ಆಯಿಲ್ ಕುಡಿಯುವುದನ್ನು ನಿಲ್ಲಿಸುವುದೇ ಇಲ್ಲ. ಆದ್ದರಿಂದ ಆಯಿಲಿನ ಒತ್ತಡ, ನೀರಿನ ಬಿಸಿ, ಸೋರಿಕೆ ಇವನ್ನು ನೋಡಿಕೊಳ್ಳುವಷ್ಟು ಹೊತ್ತು ಮಾತ್ರ ಖಾಲಿ ಓಡಿಸಿ, ಬಳಿಕ ಕುಂಟೆಯಂಥ ಹಗುರ ಕೆಲಸಕ್ಕೆ, ಮುಂದೆ ಅರ್ಧ ಹೊರೆಯ ನೇಗಿಲಿಗೆ ಹೂಡಬೇಕು. ಹೆಡ್ಡಿನ ಬೋಲ್ಟುಗಳನ್ನು ಕೈಪಿಡಿಯ ಅಳತೆಗೆ ಮತ್ತೊಮ್ಮೆ ಬಿಗಿದು, ಟ್ಯಾಪೆಟ್ ಸಂದನ್ನು ಹೊಂದಿಸಿ, ಮೊದಲ ಆಯಿಲನ್ನು ಬೇಗ ಇಳಿಸಬೇಕು. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೂಲಕ ಸೋಸಿ ಅದರಲ್ಲಿ ಉಳಿದ ಹುಡಿಯನ್ನು ಅಯಸ್ಕಾಂತದಿಂದ ಪರೀಕ್ಷಿಸಿದರೆ, ಅಂಟಿದ್ದು ರಿಂಗು ಅಥವಾ ಲೈನರಿನ ಕಬ್ಬಿಣ, ಅಂಟದೆ ಹೊಳೆಯುವುದು ಬೇರಿಂಗಿನದೋ ಪಿಸ್ಟನ್ನಿನದೋ ಮೃದು ಲೋಹ ಎಂದು ತಿಳಿಯುತ್ತದೆ. ಮೊದಲನೆಯದು ತುಸು ಇದ್ದರೆ ಸಹಜ, ಎರಡನೆಯದು ಚಕ್ಕೆಗಳಾಗಿ ಕಂಡರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯನ್ನು, ಎಂದರೆ ಸಂಪನ್ನು, ಬಿಚ್ಚಿ ಬೇರಿಂಗುಗಳನ್ನು ಮತ್ತೆ ಅಳೆಯಬೇಕು.